ತಾಂಡೂರಿನ ಪ್ರೇಮಕುಮಾರ ಆಳನ್ನು ಇಳಿಸುವ ರೀತಿ

ಪ್ರೇಮಕುಮಾರ ಯಾವ ಬಾಗಿಲನ್ನೂ ನೇರವಾಗಿ ದಾಟಿದವನಲ್ಲ. ಅದು ತಾಂಡೂರಿನ ಅವನ ಎರಡು ಕೋಣೆಯ ಮನೆಯ ಕಿರುಬಾಗಿಲಾಗಲಿ, ಹೈದರಾಬಾದಿನ ಹೋಟೆಲಿನ ತಾನಾಗಿ ತೆರೆದುಕೊಳ್ಳುವ ಗಾಜಿನ ಮಹಾದ್ವಾರವಾಗಲಿ, ಹೊಸ್ತಿಲ ಮುಂದೆ ಅರೆಕ್ಷಣ ನಿಂತು, ಎಡ ಭುಜವನ್ನು ಮುಂದು ಮಾಡಿ, ಸೊಂಟವನ್ನು ಕೊಂಚ ತಗ್ಗಿಸಿ, ಅಡ್ಡಡ್ಡವಾಗಿ ಒಳಗೆ ಸರಿಯುವುದು ಅವನ ಕ್ರಮ. ಮದುವೆಯ ದಿನ ಮನೆ ತುಂಬಿಕೊಳ್ಳುವಾಗಲೂ ಹಾಗೆಯೇ ಸರಿದನೆಂದೂ, ಸೆರಗಿಗೆ ಗಂಟು ಬಿದ್ದಿದ್ದರಿಂದ ತಾನೂ ಏಡಿಯ ಹಾಗೆ ಅಡ್ಡಡ್ಡವಾಗಿಯೇ ಗಂಡನ ಮನೆ ಸೇರಬೇಕಾಯಿತೆಂದೂ ಅವನ ಹೆಂಡತಿ ಸ್ವರೂಪಾ ಇಂದಿಗೂ ನಗುತ್ತಾಳೆ. ನೂರಾ ಎಂಟು ಕಿಲೋ ತೂಗುವ, ಕತ್ತು ಎಲ್ಲಿ ಮುಗಿದು ಹೆಗಲು ಎಲ್ಲಿ ಮೊದಲಾಗುತ್ತದೆಂದು ಸುಲಭಕ್ಕೆ ತಿಳಿಯದ ಈ ಮನುಷ್ಯ ಬಾಗಿಲಿಗೆ ತೋರುವ ವಿನಯವನ್ನು ಮತ್ತಾರಿಗೂ ತೋರಿದ್ದನ್ನು ನಾನು ಕಾಣೆ.

ಹನ್ನೆರಡು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿಕೊಂಡು ಹೊತ್ತ ದೇಹ ಅದು. ತಾಂಡೂರಿನ ನೆಲವನ್ನು ಎಲ್ಲಿ ಅಗೆದರೂ ಹಾಳೆಹಾಳೆಯಾಗಿ ಏಳುವ ಆ ನೀಲಿ ಕಲ್ಲು ಎಷ್ಟು ಗಟ್ಟಿಯೋ ಅಷ್ಟೇ ಮುನಿಸಿನದು. ಮಲಗಿಸಿ ಹೊತ್ತರೆ ನಡುವೆ ಮುರಿಯುತ್ತದೆ, ಎಸೆದರೆ ಸೀಳುತ್ತದೆ. ಆದ್ದರಿಂದ ಇಬ್ಬರು ಹಮಾಲರು ಅದನ್ನು ಅಂಚಿನ ಮೇಲೆ ಎತ್ತಿಕೊಂಡು, ಒಬ್ಬ ಮುಂದೆ ಒಬ್ಬ ಹಿಂದೆ, ಓರೆಯಾಗಿ ಹೆಜ್ಜೆ ಹಾಕುತ್ತಾರೆ. ಇಳಿಸುವಾಗ ಒಂದು ಕಟ್ಟಳೆಯುಂಟು: ಕೆಳಗಿನ ಆಳು 'ಹಾಂ' ಅನ್ನುವತನಕ ಮೇಲಿನವನು ಕೈ ಬಿಡಕೂಡದು. ಅದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಮೀರಿದವನಿಗೆ ಮರುದಿನ ಜೋಡಿಯಾಗಿ ನಿಲ್ಲಲು ಇನ್ನೊಬ್ಬ ಸಿಗುವುದಿಲ್ಲ. ಕಲ್ಲು ಒಡೆದ ಸದ್ದಾದಾಗ ಅಂಗಳದಲ್ಲಿ ಯಾರೂ ಬೈಯುವುದಿಲ್ಲ. ಎಲ್ಲರೂ ಒಮ್ಮೆ ತಿರುಗಿ ನೋಡಿ ಸುಮ್ಮನಾಗುತ್ತಾರೆ. ಆ ಸುಮ್ಮನಿರುವಿಕೆಗಿಂತ ಬೈಗುಳವೇ ವಾಸಿ ಎಂದು ಪ್ರೇಮಕುಮಾರನ ತಂದೆ ಬಕ್ಕಪ್ಪ ನನಗೊಮ್ಮೆ ಹೇಳಿದ್ದುಂಟು.

ಆ ಕಟ್ಟಳೆ ಮಗನ ರಕ್ತಕ್ಕಿಳಿದಿತ್ತು. ಅವನ ಮನೆಯಲ್ಲಿ ನಿಮಗೆ ಚಹಾ ಕೊಟ್ಟರೆ, ಕಪ್ಪುಬಸಿಯನ್ನು ನೀವು ಹಿಡಿದ ಮೇಲೂ ಅವನ ಬೆರಳು ಸಡಿಲಾಗುವುದಿಲ್ಲ. "ಹಿಡದೀರಿ?" ಎಂದು ಕೇಳುತ್ತಾನೆ. ಹಿಡಿದಿದ್ದೇನೆಂದು ನೀವು ಬಾಯಿಬಿಟ್ಟು ಹೇಳಬೇಕು. ಆಮೇಲೆಯೇ ಚಹಾ ನಿಮ್ಮದು. ಅವನ ತಾಯಿ ಅಂಜಮ್ಮ ಹೊಸಬರಿಗೆ ಮೊದಲೇ ಎಚ್ಚರಿಸುತ್ತಿದ್ದಳು: "ಲಗೂನ ಹಾಂ ಅನ್ರಿ ಸರ, ಇಲ್ಲಂದ್ರ ಚಾ ಆರಿ ಹೋಗ್ತದ."

ನಾನು ಅವನನ್ನು ಮೊದಲು ಕಂಡದ್ದು ನಾನು ಮೇಷ್ಟರಾಗಿದ್ದ ಬಶೀರಾಬಾದಿನ ಶಾಲೆಯಲ್ಲಿ, ಅವನ ಎಂಟನೆಯ ತರಗತಿಯಲ್ಲಿ. ಓದಿನಲ್ಲಿ ಹೇಳಿಕೊಳ್ಳುವಂಥ ಚುರುಕಿಲ್ಲ, ಆದರೆ ಒಮ್ಮೆ 'ಇಲ್ಲ' ಎಂದನೆಂದರೆ ಬ್ರಹ್ಮ ಬಂದರೂ 'ಹೌದು' ಅನ್ನಿಸಲಾರ. ತಾನು ಮಾಡದ ತಪ್ಪಿಗೆ ಕ್ಷಮೆ ಕೇಳೆಂದು ನಾನೇ ಅವನನ್ನು ಒಂದು ಮಧ್ಯಾಹ್ನವಿಡೀ ಬೇವಿನ ಮರದ ಕೆಳಗೆ ನಿಲ್ಲಿಸಿದ್ದೆ. ಸಂಜೆ ಗಂಟೆ ಹೊಡೆದಾಗ ಬಂದು, "ಸರ, ಕೇಳಂಗಿಲ್ಲ, ನಾಳಿನೂ ನಿಂದ್ರಬೇಕೇನ್ರಿ?" ಎಂದು ಬಹು ಮರ್ಯಾದೆಯಿಂದ ವಿಚಾರಿಸಿದ. ಮರುದಿನ ನಿಜವಾದ ತಪ್ಪಿತಸ್ಥ ಸಿಕ್ಕ. ಕ್ಷಮೆ ಕೇಳಬೇಕಾದವನು ನಾನಾದೆ. ಕೇಳಿದೆ ಕೂಡ. ನಮ್ಮ ಸ್ನೇಹ ಅಲ್ಲಿಂದ ಶುರುವಾಯಿತು. ಹತ್ತನೆಯದು ಮುಗಿಸಿ ಅವನು ತಂದೆಯ ಜೊತೆ ತಾಂಡೂರಿಗೆ ಕಲ್ಲಿನ ಕೆಲಸಕ್ಕೆ ಹೊರಟುಹೋದ.

ಅವನನ್ನು ಆಟಕ್ಕೆ ಎಳೆದವರು ನಾರಾಯಣಖೇಡದ ಸೂರ್ಯಕಾಂತ. ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಲಿಂಗಪೂಜೆ, ಹಣೆಯಲ್ಲಿ ಮಾಸದ ವಿಭೂತಿ, ಹದಿನೇಳು ವರ್ಷ ಫೌಜಿನಲ್ಲಿ ದುಡಿದು ಅಲ್ಲಿ ರಗ್ಬಿ ಆಡಿದ ಮೈ, ಮಾತು ಮಾತಿಗೆ ಸೀಟಿ. ನಿವೃತ್ತರಾದ ಮೇಲೆ ಅಮೆರಿಕನ್ ಫುಟ್‌ಬಾಲ್ ಎಂಬ, ನಮ್ಮ ಸೀಮೆಯಲ್ಲಿ ಯಾರೂ ಹೆಸರನ್ನೇ ಕೇಳಿರದ ಆಟದ ತರಬೇತಿ ಪಡೆದು, ಆಗ ತಾನೇ ಹುಟ್ಟಿದ್ದ ದಖ್ಖನ್ ಲೀಗಿನಲ್ಲಿ 'ಗೋಲ್ಕೊಂಡ ಬುರುಜ್' ಎಂಬ ಹೈದರಾಬಾದಿನ ತಂಡಕ್ಕೆ ಕೋಚ್ ಆಗಿದ್ದರು. ನಾರಾಯಣಖೇಡದಲ್ಲಿ ಕಟ್ಟಿಸುತ್ತಿದ್ದ ಮನೆಯ ನೆಲಕ್ಕೆ ಕಲ್ಲು ಆರಿಸಲು ತಾಂಡೂರಿಗೆ ಬಂದ ದಿನ, ಲಾರಿಯ ಮೇಲಿನಿಂದ ಒಂದು ಹಾಸುಗಲ್ಲು ಜಾರಿತು. ಕೆಳಗಿದ್ದ ಪ್ರೇಮಕುಮಾರ ಓಡಲಿಲ್ಲ. ಮುಂದೆ ನುಗ್ಗಿ, ಎದೆಯಿಂದ ಅದನ್ನು ತಡೆದು, ಸೊಂಟಕ್ಕೆ ಆನಿಸಿಕೊಂಡು, ಮೊಣಕಾಲು ಮಡಿಸುತ್ತಾ ಮಡಿಸುತ್ತಾ ನೆಲಕ್ಕೆ ಇಳಿಸಿಬಿಟ್ಟ. ಕಲ್ಲಿನ ಒಂದು ಮೂಲೆಯೂ ಮುಕ್ಕಾಗಲಿಲ್ಲ. ಸೂರ್ಯಕಾಂತರು ಆರಿಸಿದ ಕಲ್ಲನ್ನು ಮರೆತು ಇವನ ಬಳಿ ಬಂದರು.

"ಓಡಾಕ ಬರ್ತದೇನು ನಿನಗ?"

"ಯಾರ ಹಿಂದ ಓಡಬೇಕ್ರಿ?"

ಈ ಉತ್ತರ ಕೇಳಿಯೇ ತಾವು ಅವನನ್ನು ಆರಿಸಿದ್ದೆಂದು ಸೂರ್ಯಕಾಂತರು ಹೇಳುತ್ತಾರೆ. ಯಾಕೆ ಓಡಬೇಕೆಂದು ಕೇಳುವವರು ಬಹಳ ಸಿಗುತ್ತಾರಂತೆ, ಯಾರ ಹಿಂದೆ ಎಂದು ಕೇಳುವವನು ಸಿಗುವುದೇ ಅಪರೂಪವಂತೆ.

ಆಟವನ್ನು ನಾನು ತಿಳಿದಷ್ಟು ಹೇಳುತ್ತೇನೆ. ಎದುರು ತಂಡದವನೊಬ್ಬ ತೆಂಗಿನಕಾಯಿಯಾಕಾರದ ಚೆಂಡನ್ನು ಎದೆಗವುಚಿಕೊಂಡು ಮೈದಾನದ ಕೊನೆಯ ಗೆರೆಯತ್ತ ಓಡುತ್ತಾನೆ. ಚೆಂಡು ಆ ಗೆರೆ ಮುಟ್ಟಿತೆಂದರೆ ಅವರಿಗೆ ಆರು ಅಂಕ. ಅವನನ್ನು ನೆಲಕ್ಕೆ ಕೆಡವಿದರೆ ಆಟ ಅಲ್ಲಿಗೆ ನಿಂತಿತು. ತಡೆಯುವವರ ಮೊದಲ ಸಾಲಿನಲ್ಲಿ ಗೂಳಿಗಳಂಥವರು ನಿಂತಿರುತ್ತಾರೆ. ಅವರನ್ನು ದಾಟಿ ಬಂದವನನ್ನು ಹಿಡಿಯಲು ಅವರ ಬೆನ್ನ ಹಿಂದೆ ನಿಲ್ಲುವವನೇ ಲೈನ್‌ಬ್ಯಾಕರ್. ನುಗ್ಗಿ ಬರುವವನ ಕಣ್ಣನ್ನು ನೋಡಿದರೆ ತಡೆಯುವವನು ಮೋಸಹೋಗುತ್ತಾನೆ, ಸೊಂಟವನ್ನು ನೋಡಬೇಕು ಎಂಬುದು ಆ ಜಾಗದ ಮೊದಲ ಪಾಠ. ಆ ಪಾಠವನ್ನು ಪ್ರೇಮಕುಮಾರನಿಗೆ ಕಲಿಸುವ ಅಗತ್ಯ ಬೀಳಲಿಲ್ಲ. ಹನ್ನೆರಡು ವರ್ಷ ಅವನು ಕಲ್ಲಿನ ಇನ್ನೊಂದು ತುದಿಯಲ್ಲಿದ್ದವನ ಸೊಂಟವನ್ನೇ ನೋಡಿ ನಡೆದವನು.

ಮೊದಲ ಪಂದ್ಯದಲ್ಲಿ ಅವನು ಹದಿನಾಲ್ಕು ಸಲ ಆಳನ್ನು ಹಿಡಿದ. ಹದಿನಾಲ್ಕು ಸಲವೂ ಮೈದಾನ ಬೆರಗಾಯಿತು, ಹಿಡಿದ ರಭಸಕ್ಕಲ್ಲ, ಆಮೇಲೆ ಅವನು ಮಾಡಿದ್ದಕ್ಕೆ. ಗೋಡೆಗೆ ಬಡಿದವನಂತೆ ಓಟಗಾರ ನಿಂತುಬಿಡುತ್ತಿದ್ದ. ಪ್ರೇಮಕುಮಾರ ಅವನನ್ನು ಅನಾಮತ್ತಾಗಿ ಎತ್ತುತ್ತಿದ್ದ. ಜನ ಈಗ ಅಪ್ಪಳಿಸುತ್ತಾನೆಂದು ಉಸಿರು ಹಿಡಿಯುತ್ತಿದ್ದರು. ಅವನೋ ಮೊಣಕಾಲು ಮಡಿಸಿ, ಬೆನ್ನ ಕೆಳಗೊಂದು ಕೈಯಿಟ್ಟು, ಆಳನ್ನು ಹುಲ್ಲಿನ ಮೇಲೆ ಇಳಿಸಿ, ಮುಖದ ಜಾಲರಿಯ ಹತ್ತಿರ ಬಾಗಿ, "ಬಿಡ್ಲೇನ್ರಿ?" ಎಂದು ಕೇಳುತ್ತಿದ್ದ. ಕನ್ನಡದ ಗಂಧಗಾಳಿ ತಿಳಿಯದ ಪುಣೆಯ ಓಟಗಾರನೊಬ್ಬ ಅದನ್ನು ಭಯಂಕರ ಬೆದರಿಕೆಯೆಂದು ಬಗೆದು ಎರಡೂ ಕೈ ಮೇಲೆತ್ತಿದನಂತೆ.

ಮೊಬೈಲಿನಲ್ಲಿ ಆಟ ತೋರಿಸುತ್ತಿದ್ದ ಹೈದರಾಬಾದಿನ ವೀಕ್ಷಕ ವಿವರಣೆಗಾರನಿಗೆ ಇದೊಂದು ಹಬ್ಬವಾಯಿತು. 'ದಾಯಿ' ಎಂದು ಹೆಸರಿಟ್ಟ, ಅಂದರೆ ಸೂಲಗಿತ್ತಿ. ಆ ಹೆಸರು ಪಂದ್ಯ ಮುಗಿಯುವ ಮುಂಚೆ ತಾಂಡೂರು ತಲುಪಿತು. ತೊಗರಿ ಮಾರ್ಕೆಟ್ಟಿನಲ್ಲಿ, ರೈಲ್ವೆ ಸ್ಟೇಷನ್ನಿನ ಇದಿರಿನ ಚಹಾದಂಗಡಿಯಲ್ಲಿ, ಎಲ್ಲೆಲ್ಲೂ ದಾಯಿ. ಸ್ವರೂಪಾ ಬಸ್ ಕಂಡಕ್ಟರ್. ಅವಳ ಬಸ್ಸಿನಲ್ಲಿ ಒಬ್ಬ ಹಲ್ಲುಕಿರಿದು, "ದಾಯಿ ಅರಾಮ ಇದ್ದಾನೇನವಾ?" ಎಂದ. ಅವಳು ಟಿಕೆಟ್ ಹರಿದು ಕೊಡುತ್ತಾ, "ಅರಾಮ ಅದಾನ. ನೀ ಹುಟ್ಟೂ ಮುಂದ ಇಂಥ ದಾಯಿ ಇರಲಿಲ್ಲ ಕಾಣ್ತದ, ತಲಿ ಕೆಳಗಾಗಿ ಬಿದ್ದೀದಿ," ಎಂದಳು. ಇಡೀ ಬಸ್ಸು ನಕ್ಕಿತು. ಅವನು ಮುಂದಿನ ಸ್ಟಾಪಿನಲ್ಲೇ ಇಳಿದುಹೋದ.

ಆ ವರ್ಷ ತಂಡ ಕೊಟ್ಟ ಕಡುನೀಲಿ ಜಾಕೀಟನ್ನು ಪ್ರೇಮಕುಮಾರ ಮೇ ತಿಂಗಳ ಉರಿಯಲ್ಲಿ, ಕಲ್ಲಿನ ಧೂಳು ಮೋಡವಾಗಿ ಏಳುವ ತಾಂಡೂರಿನ ರಸ್ತೆಗಳಲ್ಲಿ, ಕತ್ತಿನವರೆಗೆ ಜಿಪ್ಪು ಎಳೆದು ತೊಟ್ಟುಕೊಂಡು ತಿರುಗುತ್ತಿದ್ದ. ಬೆನ್ನ ಮೇಲೆ ಅವನ ಹೆಸರಿತ್ತು. ಸೆಕೆಯಾಗುವುದಿಲ್ಲವೇ ಎಂದು ಕೇಳಿದೆ. "ಆಗ್ತದ್ರಿ. ಖರೆ, ಅವರಿಗೂ ಆಗಬೇಕಲ್ಲ," ಎಂದ. ಬಕ್ಕಪ್ಪನ ಮಗ ಕಲ್ಲು ಹೊರುವುದಕ್ಕಲ್ಲದೆ ಮತ್ತೇನಕ್ಕೆ ಬಂದಾನು ಎನ್ನುತ್ತಿದ್ದವರು ಆ ರಸ್ತೆಯ ಎರಡೂ ಬದಿಗೆ ಕೂತಿರುತ್ತಿದ್ದರು.

ಎರಡನೆಯ ಋತುವಿನಲ್ಲಿ ಅವನ ರೀತಿ ಅವನಿಗೇ ಮುಳುವಾಯಿತು. ಉಪಾಂತ್ಯ ಪಂದ್ಯ, ಬುರುಜ್ ತಂಡ ನಾಲ್ಕು ಅಂಕ ಮುಂದೆ, ಒಂದು ನಿಮಿಷಕ್ಕೂ ಕಡಿಮೆ ಸಮಯ. ಎದುರಾಳಿಯ ಓಟಗಾರ ಮೊದಲ ಸಾಲನ್ನು ಸೀಳಿಕೊಂಡು ಕೊನೆಯ ಗೆರೆಗೆ ಒಂದು ಮಾರು ದೂರ ಬಂದಾಗ ಪ್ರೇಮಕುಮಾರ ಅವನನ್ನು ತಬ್ಬಿ ಹಿಡಿದ. ಅಲ್ಲಿಗೆ ಮುಗಿಯಿತೆಂದು ಜನ ಎದ್ದು ಕುಣಿದರು. ಆದರೆ ಅವನು ಎಂದಿನಂತೆ ಎತ್ತಿ, ಎಂದಿನಂತೆ ನಿಧಾನಿಸಿ, ಎಂದಿನಂತೆ ಇಳಿಸತೊಡಗಿದ. ಓಟಗಾರ ಜಾಣ. ಮೈ ನೆಲ ಮುಟ್ಟುವ ಮೊದಲು, ಆ ಎರಡು ಕ್ಷಣಗಳ ಕೃಪೆಯಲ್ಲಿ, ಚೆಂಡಿದ್ದ ಕೈಯನ್ನು ಉದ್ದಕ್ಕೆ ಚಾಚಿ ಗೆರೆಯ ಮೇಲಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬುರುಜ್ ಸೋತಿತು.

ಸೂರ್ಯಕಾಂತರ ಕೋಪವನ್ನು ಅವರ ಜೊತೆ ಫೌಜಿನಲ್ಲಿದ್ದವರೇ ನೋಡಿರಲಿಲ್ಲವಂತೆ.

"ಒಗಿಬೇಕಿತ್ತೋ! ಹಿಡದ ಕೂಡ್ಲೆ ಎತ್ತಿ ನೆಲಕ್ಕ ಒಗದು ಬಿಡಬೇಕಿತ್ತು. ಕೂಸು ಮಲಗಿಸಾಕ ಬಂದೀಯೇನು ಇಲ್ಲಿ?"

"ತಪ್ಪಾತ್ರಿ. ಮುಂದ ಆಗಂಗಿಲ್ಲ."

"ಒಗೀತಿ ಅಂದಂಗಾತು?"

"ಇಲ್ರಿ. ಒಗಿಯಂಗಿಲ್ಲ. ಆದ್ರ ಚೆಂಡು ದಾಟಂಗಿಲ್ಲ."

ತಂಡದ ಮಾಲೀಕರಿಗೂ ಅಪ್ಪಳಿಸುವುದೇ ಬೇಕಿತ್ತು. ಎಲುಬು ನೆಲಕ್ಕೆ ಬಡಿದ ಸದ್ದು ಕೇಳಿದರೆ ಮಾತ್ರ ಜನ ಕೂಗುತ್ತಾರೆ, ಆಟ ಜನರ ಬಾಯಲ್ಲಿ ಉಳಿಯುತ್ತದೆ ಎಂಬುದು ಅವರ ಸಿದ್ಧಾಂತ. ಮೂರನೆಯ ಋತುವಿನ ಶಿಬಿರ ಝಹೀರಾಬಾದಿನಲ್ಲಿ ಎಂದು ನಿಶ್ಚಯವಾಯಿತು. ಅಲ್ಲಿ ಪರೀಕ್ಷೆ. ಆಳನ್ನು ಎತ್ತಿ ಒಗೆಯಲು ಒಪ್ಪಿದರೆ ಪ್ರೇಮಕುಮಾರ ತಂಡದಲ್ಲಿ, ಒಪ್ಪದಿದ್ದರೆ ಜಾಕೀಟು ಬಿಚ್ಚಿಕೊಟ್ಟು ಮನೆಗೆ. ನಾನು ಬುದ್ಧಿ ಹೇಳಿದೆ. ಒಂದೆರಡು ಸಲ ಒಗೆದರೆ ಗಂಟೇನು ಹೋಗುತ್ತದೆ ಎಂದೆ. ಅವನು ನನ್ನತ್ತ ನೋಡಿದ ನೋಟಕ್ಕೆ, ಬೇವಿನ ಮರದ ಕೆಳಗೆ ಈಗ ನನ್ನನ್ನು ನಿಲ್ಲಿಸುತ್ತಾನೇನೋ ಎನ್ನಿಸಿತು.

"ತಂಡದಾಗೂ ಇರ್ತೀನಿ ಸರ, ನಾ ಇದ್ದಂಗೂ ಇರ್ತೀನಿ. ಎರಡೂ ಬೇಕು ನನಗ."

ಈ ಹಠದ ಹಿಂದೆ ಏನೋ ಒಂದು ದುರಂತ ಇರಲೇಬೇಕೆಂದು ನಾನೂ ಬಗೆದಿದ್ದೆ. ಟಿವಿಯ ಹುಡುಗಿಯೊಬ್ಬಳು ಕ್ಯಾಮರಾ ಸಮೇತ ಅವನ ಮನೆಗೆ ಬಂದದ್ದೂ ಅದಕ್ಕೇ. ಕಲ್ಲು ಬಿದ್ದು ಸತ್ತ ಗೆಳೆಯನೋ, ಕಾಲು ಕಳೆದುಕೊಂಡ ಅಣ್ಣನೋ ಸಿಕ್ಕಾನೆಂದು ಅವಳು ಅತ್ತ ಇತ್ತ ಕೆದಕಿದಳು. ಕೊನೆಗೆ ಬಕ್ಕಪ್ಪನಿಗೇ ಬೇಸರವಾಯಿತು.

"ಏನರೆ ಆಗೇ ಇರಬೇಕೇನವಾ? ನಿಮ್ಮ ಮನ್ಯಾಗ ಕೊಡಾ ಇಳಿಸೂ ಮುಂದ ಒಗೀತೀರೇನು? ಇಳಸ್ತೀರಿ. ಹಂಗ ಇದು. ಕೆಲಸ ಅಂದ್ರ ಹಂಗೇ ಇರ್ತದ."

ಆ ಸಂದರ್ಶನ ಎಲ್ಲೂ ಪ್ರಸಾರವಾಗಲಿಲ್ಲ. ಯಾರಾದರೂ ಅತ್ತಿದ್ದರೆ ಆಗುತ್ತಿತ್ತೇನೋ. ಬಡವನೊಬ್ಬ ತನ್ನ ಕಸುಬಿನ ಮರ್ಯಾದೆಗಾಗಿ ಹಠ ಹಿಡಿಯಬಹುದೆಂದು ಒಪ್ಪಲು ಲೋಕಕ್ಕೆ ಮನಸ್ಸಿಲ್ಲ, ಅವನಿಗೆ ಗಾಯವೇ ಇರಬೇಕು. ಬರೆಯುವವನಾದ ನಾನೂ ಆ ಲೋಕಕ್ಕೆ ಸೇರಿದವನೆಂದು ಅವತ್ತು ನಾಚಿದೆ.

ಪರೀಕ್ಷೆಗೆ ಎರಡು ತಿಂಗಳಿತ್ತು. ಪ್ರೇಮಕುಮಾರ ಕಲ್ಲಿನ ಅಂಗಳಕ್ಕೆ ಮರಳಿ, ತನ್ನ ಹಳೆಯ ಜೋಡಿ ಪೋಚಪ್ಪನ ಜೊತೆ ಕಲ್ಲು ಹೊರತೊಡಗಿದ. ಪೋಚಪ್ಪ ಅವನಿಗಿಂತ ಇಪ್ಪತ್ತು ವರ್ಷ ಹಿರಿಯ, ಕಡ್ಡಿಪೈಲ್ವಾನನ ಮೈಕಟ್ಟು, ಬಾಯಲ್ಲಿ ಸದಾ ತಂಬಾಕು. ಪಾಲಿಶ್ ಆದ ಕಲ್ಲುಗಳನ್ನು ಗೋಡೆಗೆ ಒರಗಿಸುವಾಗ ನುಣುಪಾದ ಮುಖಕ್ಕೆ ನುಣುಪಾದ ಮುಖ ಬರುವಂತೆ ಜೋಡಿಸುವುದು ವಾಡಿಕೆ, ಇಲ್ಲದಿದ್ದರೆ ಗೀರು ಬೀಳುತ್ತದೆ. ಅದಕ್ಕಾಗಿ ಪ್ರತಿ ಎರಡನೆಯ ಕಲ್ಲನ್ನು ಹೊತ್ತವರು ನಡೆಯುತ್ತಲೇ ಹೊರಳಿಸಿಕೊಳ್ಳಬೇಕು. ಸೋಲಿನ ಕತೆಯನ್ನು ಹತ್ತನೆಯ ಸಲವೋ ಏನೋ ಕೇಳಿದ ಪೋಚಪ್ಪ ತಂಬಾಕನ್ನು ಪಕ್ಕಕ್ಕೆ ಉಗುಳಿ ಹೇಳಿದ:

"ಅಲ್ಲಪಾ, ಎಲ್ಲಾ ಒಂದನೇ ಕಲ್ಲು ಇಟ್ಟಂಗ ಇಡಾಕ ಹತ್ತೀಯಲ್ಲ. ಅವನ್ನ ಎರಡನೇ ಕಲ್ಲು ಅಂತ ತಿಳ್ಕೊ. ಹೊರಳಿಸಿ ಇಡು. ಎಲ್ಲಿಂದ ಬಂದಾನ, ಆ ಕಡಿ ಮಕಾ ಮಾಡಿ ಮಲಗಸು. ಕೈ ಎಷ್ಟು ಚಾಚತಾನೋ ಚಾಚಲಿ, ತನ್ನ ಊರಿನ ಕಡೀಗೆ ಚಾಚತಾನ."

ಪ್ರೇಮಕುಮಾರ ಕಲ್ಲನ್ನು ಕೆಳಗಿಟ್ಟು, 'ಹಾಂ' ಕೇಳಿಸಿಕೊಂಡು, ಪೋಚಪ್ಪನನ್ನು ಎತ್ತಿ ಹೊರಳಿಸಿ ಮಲಗಿಸಿದ. ಅಂಗಳದ ಹಮಾಲರೆಲ್ಲ ಕೆಲಸ ಬಿಟ್ಟು ನೆರೆದರು. ಅವತ್ತಿನಿಂದ ದಿನಾ ಸಂಜೆ ಕೆಲಸ ಮುಗಿದ ಮೇಲೆ ಒಬ್ಬೊಬ್ಬರಾಗಿ ತೊಗರಿಯ ಚಿಕ್ಕ ಚೀಲವೊಂದನ್ನು ಎದೆಗವುಚಿಕೊಂಡು ಓಡಿ ಬರುವುದು, ಅವನು ಹಿಡಿದು ಹೊರಳಿಸಿ ಇಳಿಸುವುದು. ಡ್ಯೂಟಿ ಇಲ್ಲದ ದಿನ ಸ್ವರೂಪಾ ಬಂದು ಕಂಡಕ್ಟರ್ ಸೀಟಿ ಊದುತ್ತಿದ್ದಳು. ಚೀಲದ ಮೂಲೆ ಗೆರೆಗೆ ತಗುಲಿತೋ ಇಲ್ಲವೋ ಎಂದು ಅವಳು ಕೊಟ್ಟ ತೀರ್ಪಿಗೆ ಅಪೀಲು ಇರಲಿಲ್ಲ. ಗಂಡನೆಂಬ ಮುಲಾಜು ಮೊದಲೇ ಇರಲಿಲ್ಲ.

ಝಹೀರಾಬಾದಿಗೆ ಬಕ್ಕಪ್ಪ, ಸ್ವರೂಪಾ ಮತ್ತು ನಾನು ಜೊತೆಗೆ ಹೋದೆವು. ಕಾಲೇಜಿನ ಮೈದಾನ, ಬೆಳಗಿನ ಎಂಟು ಗಂಟೆ. ಸೂರ್ಯಕಾಂತರು ಆರು ಓಟಗಾರರನ್ನು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಪ್ರೇಮಕುಮಾರನಿಗೆ ಹೇಳಿದರು: ಹಿಡಿ, ಎತ್ತು, ಒಗಿ. ಒಬ್ಬನನ್ನು ಇಳಿಸಿದರೂ ನಿನ್ನ ಹೆಸರು ಇಲ್ಲ. ಬಕ್ಕಪ್ಪನ ಹೆಗಲ ಮೇಲಿನ ಟವಲು ಕೈಗೆ ಬಂದು ಹಿಂಡಿಸಿಕೊಳ್ಳತೊಡಗಿತು.

ಮೊದಲನೆಯವನು ಬಂದ. ಪ್ರೇಮಕುಮಾರ ತಡೆದ, ಎತ್ತಿದ, ತನ್ನ ಸೊಂಟದ ಸುತ್ತ ಅವನನ್ನು ಹೊರಳಿಸಿದ, ಬಂದ ದಿಕ್ಕಿಗೆ ಮುಖ ಮಾಡಿ ಮಲಗಿಸಿದ. ಓಟಗಾರ ಕೈ ಚಾಚಿದ, ತನ್ನ ತಂಡದವರ ಕಡೆಗೇ. ಎರಡನೆಯವನೂ ಹಾಗೇ. ಮೂರನೆಯವನು ಬಲು ಚುರುಕು, ಹೊರಳುವ ಮೊದಲೇ ಚಾಚಲು ನೋಡಿದ, ಆದರೆ ಆ ಕೈ ಗಾಳಿಯಲ್ಲಿ ಅರ್ಧಚಂದ್ರ ಬರೆದು ತಿರುಗಿಹೋಯಿತು. ಆರೂ ಜನ ಮಲಗಿದರು, ಆರೂ ಜನ ಎದ್ದು ಮೈ ಕೊಡವಿಕೊಂಡರು, ಒಬ್ಬನಿಗೂ ಒಂದು ತರಚು ಗಾಯವಿಲ್ಲ.

"ಒಗಿ ಅಂದೆ," ಸೂರ್ಯಕಾಂತರು ಹತ್ತಿರ ಬಂದು ಹಲ್ಲು ಕಡಿದರು.

"ದಾಟಿದ್ರ ಹೇಳ್ರಿ."

"ನಾ ಹೇಳಿದ್ದು ಮಾಡ್ತೀಯೋ ಇಲ್ಲೋ?"

"ತಡಿ ಅಂದ್ರಿ, ತಡದೀನಿ. ಕೆಡವು ಅಂದ್ರಿ, ಕೆಡವೀನಿ. ಅವರ ಅವ್ವನೂ ಹೊತ್ತೇ ಹಡದಿರ್ತಾಳ್ರಿ, ಮುರದು ಕೊಡು ಅಂದ್ರ ನನ್ನ ಕೈಲಿ ಆಗಂಗಿಲ್ಲ. ಹೆಸರು ತಗೀರಿ, ನಾ ಬ್ಯಾಡ ಅನ್ನಲ್ಲ. ಆದ್ರ ದಾಟಿದವ ಯಾವನು ಅಂತ ತೋರಿಸಿ ತಗೀರಿ."

ಸೂರ್ಯಕಾಂತರಿಗೆ ಆಗ ಐವತ್ತೆರಡು ವರ್ಷ. ಅವರು ಸೀಟಿಯನ್ನು ಕೊರಳಿಂದ ತೆಗೆದು ನೆಲಕ್ಕೆ ಹಾಕಿ, ಓಟಗಾರನ ಕೈಯಿಂದ ಚೆಂಡು ಕಿತ್ತುಕೊಂಡು, ಇಪ್ಪತ್ತು ಮಾರು ಹಿಂದೆ ನಡೆದರು. ಯಾರೂ ಬೇಡವೆನ್ನಲು ಧೈರ್ಯ ಮಾಡಲಿಲ್ಲ. ಹೋರಿ ಬಂದಂತೆ ಬಂದರು. ಪ್ರೇಮಕುಮಾರ ಅವರನ್ನೂ ತಡೆದ. ಎತ್ತಿದ, ಹೊರಳಿಸಿದ. ಆದರೆ ಉಳಿದವರಿಗಿಂತ ತುಸು ನಿಧಾನವಾಗಿ ಇಳಿಸಿದ, ಏಕೆಂದರೆ ಅವರಿಗೆ ವಯಸ್ಸಾಗಿತ್ತು. ಗುರುವೆಂಬ ವಿನಾಯಿತಿಯನ್ನು ಇಳಿಸುವುದರಲ್ಲಿ ತೋರಿಸಿದ, ತಡೆಯುವುದರಲ್ಲಿ ತೋರಿಸಲಿಲ್ಲ.

ಸೂರ್ಯಕಾಂತರು ಎದ್ದಾಗ ಹಣೆಯ ವಿಭೂತಿ ಬೆವರಿಗೆ ಅಳಿಸಿಹೋಗಿತ್ತು, ದನಿಯ ಮೊನಚೂ ಹೋಗಿತ್ತು.

"ನಾಳಿ ಖರೆ ಪಂದ್ಯದಾಗ ನೀ ಇಳಿಸಿದವನ ಚೆಂಡು ಗೆರಿ ಮುಟ್ಟಿದ್ರ? ಮಾಲಕರಿಗಿ ಏನಂತ ಹೇಳ್ಲಿ?"

"ಆ ದಿನ ನೀವು ತಗಿಯೋದು ಬ್ಯಾಡ್ರಿ. ನಾನೇ ಬಿಟ್ಟು ಹೋಗ್ತೀನಿ."

"ಮಾತು?"

"ಮಾತು."

ತಂಡದ ಪಟ್ಟಿಯಲ್ಲಿ ಅವನ ಹೆಸರು ಬಿತ್ತು. ಬಕ್ಕಪ್ಪ ಟವಲಿನಿಂದ ಕಣ್ಣೊರೆಸಿಕೊಂಡು, ಕಣ್ಣಿಗೆ ಧೂಳು ಬಿತ್ತೆಂದು ಯಾರೂ ಕೇಳದಿದ್ದರೂ ವಿವರಣೆ ಕೊಟ್ಟ. ನಾನಂತೂ ಸಂತೋಷಕ್ಕೆ ಯಾರ ಯಾರ ಕೈಯನ್ನೋ ಹಿಡಿದು ಕುಲುಕಿದೆ.

ಮುಂದಿನ ಎರಡು ಋತು ಪ್ರೇಮಕುಮಾರನವು. ಇನ್ನೂರಕ್ಕೂ ಮಿಕ್ಕಿ ಆಳುಗಳನ್ನು ಅವನು ಇಳಿಸಿದ, ಒಬ್ಬನ ಚೆಂಡೂ ಅವನ ತೋಳಿನಿಂದ ಗೆರೆ ತಲುಪಲಿಲ್ಲ. 'ದಾಯಿ' ಎಂಬ ಹೆಸರು ಹಾಗೇ ಉಳಿಯಿತು, ಅದರೊಳಗಿನ ನಗೆ ಮಾತ್ರ ಎಲ್ಲೋ ಇಂಗಿತು. ಅವನ ಎದುರು ಓಡುವವರು ಹೆದರುತ್ತಿದ್ದರು. ನೋವಿಗಲ್ಲ, ಹತ್ತಾರು ಸಾವಿರ ಜನರ ಮುಂದೆ ಹಿಂದುಮುಂದಾಗಿ ಮಲಗಬೇಕಾದ ನಾಚಿಕೆಗೆ. ಗಾಯಗೊಳಿಸದೆ ಒಬ್ಬನನ್ನು ಸೋಲಿಸುವುದರಲ್ಲಿ ಒಂದು ಭಯಾನಕತೆ ಇದೆ ಎಂಬುದು ನನಗೆ ಅವನ ಆಟ ನೋಡಿಯೇ ತಿಳಿದದ್ದು. ಬಡಿದು ಬೀಳಿಸಿದವನ ಮೇಲೆ ಸಿಟ್ಟಾಗಬಹುದು, ಮಲಗಿಸಿ ಹೋದವನ ಮೇಲೆ ಸಿಟ್ಟಾಗಲು ಬರುವುದಿಲ್ಲ.

ಐದನೆಯ ಋತುವಿನ ಮೂರನೆಯ ಪಂದ್ಯದಲ್ಲಿ ಅದು ನಡೆಯಿತು. ಓಟಗಾರ ಕೊಲ್ಹಾಪುರ ಕಡೆಯ, ಕುಸ್ತಿಮನೆತನದ ಯುವಕ, ಹೊಸಬ. ಪ್ರೇಮಕುಮಾರ ಹಿಡಿದದ್ದು ಸರಿಯಾಗಿತ್ತು, ಎತ್ತಿದ್ದೂ ಸರಿಯಾಗಿತ್ತು. ಹೊರಳಿಸುವುದು ಕೂದಲೆಳೆಯಷ್ಟು ತಡವಾಯಿತು. ಆಗ ಅವನಿಗೆ ಮೂವತ್ತೆರಡು ನಡೆಯುತ್ತಿತ್ತು, ಬಲ ಮೊಣಕಾಲಿಗೆ ಪಟ್ಟಿ ಬಿಗಿದಿತ್ತು, ಆದರೆ ಅವನು ಯಾವತ್ತೂ ಆ ಪಟ್ಟಿಯ ಸುದ್ದಿ ಎತ್ತಲಿಲ್ಲ. ಚೆಂಡಿನ ತುದಿ ಗೆರೆಯನ್ನು ಸವರಿತು. ಅಂಕ ಸಂದಿತೆಂದು ಅಂಪೈರ್ ಎರಡೂ ಕೈ ಎತ್ತಿದ.

ಪಂದ್ಯದಲ್ಲಿ ಇನ್ನೂ ಅರ್ಧ ಗಂಟೆಯ ಆಟವಿತ್ತು. ಪ್ರೇಮಕುಮಾರ ಆ ಅರ್ಧ ಗಂಟೆ ಹಿಂದೆಂದೂ ಆಡದಂತೆ ಆಡಿದ. ಒಂಬತ್ತು ಆಳುಗಳನ್ನು ಹಿಡಿದ, ಒಂಬತ್ತನ್ನೂ ಹೊರಳಿಸಿದ, ಒಂಬತ್ತನ್ನೂ ಇಳಿಸಿದ. ಬುರುಜ್ ಹನ್ನೊಂದು ಅಂಕಗಳಿಂದ ಗೆದ್ದಿತು. ಗೆಳೆಯರು ಅವನನ್ನು ಹೆಗಲ ಮೇಲೆ ಹೊರಲು ಬಂದರು. ಅವನು ಶಿರಸ್ತ್ರಾಣ ತೆಗೆದು, ಸೂರ್ಯಕಾಂತರ ಮುಂದೆ ಹೋಗಿ ನಿಂತ. ಮುಂದಿನದನ್ನು ನನಗೆ ಹೇಳಿದವರು ಸೂರ್ಯಕಾಂತರೇ.

"ಹೋಗಿ ಬರ್ತೀನ್ರಿ."

"ಹುಚ್ಚಾ, ಗೆದ್ದೀವಲ್ಲೋ! ಆ ಮಾತು ನಾ ಯಾವಾಗೋ ಮರತೀನಿ."

"ನಾ ಮರತಿಲ್ರಿ."

"ಇನ್ನ ಎರಡು ವರ್ಷ ಆಡ್ತಿ ನೀ. ಕೈ ಮುಗೀತೀನಿ, ಪ್ರೇಮ್ಯಾ."

ಕೈ ಮುಗಿಯಲು ಹೋದ ಗುರುವಿನ ಕೈಗಳನ್ನು ಅವನು ಹಿಡಿದುಕೊಂಡನಂತೆ. ಬಹಳ ಹೊತ್ತು ಬಿಡಲಿಲ್ಲವಂತೆ. ಆಮೇಲೆ ತಾಂಡೂರಿನ ರೈಲು ಹತ್ತಿದ.

ನನಗೆ ತಡೆಯಲಾರದ ಸಿಟ್ಟು ಬಂತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಜಾಗವನ್ನು, ಯಾರೂ ಕೇಳದೆ, ಯಾರೂ ನೂಕದೆ, ಒಂದು ಬಾಯಿಮಾತಿಗೆ ಬಿಟ್ಟು ಬರುವುದೆಂದರೇನು? ಮನೆಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮೂರ್ಖ ಎಂದೆ. ಸ್ವರೂಪಾ ನಡುವೆ ಬರಲಿಲ್ಲ. ಅವಳೂ ಇದನ್ನೆಲ್ಲ ಆಗಲೇ ಹೇಳಿ ಮುಗಿಸಿದ್ದಳೆಂದು ಮುಖ ಹೇಳುತ್ತಿತ್ತು. ಅವನು ನನ್ನ ಉಸಿರು ಮುಗಿಯುವವರೆಗೆ ಕಾದ.

"ಸರ, ನಾ ಉಳದಿದ್ರ ಎಲ್ಲಾರೂ ಏನಂತಿದ್ರು? ನೋಡ್ರಿ, ಇಳಿಸೋ ರೀತೀನೇ ಹಿಂಗ, ಒಂದಿಲ್ಲ ಒಂದಿನ ಕೈ ಕೊಡ್ತದ, ಒಗಿಯೋದೇ ಬರೋಬ್ಬರಿ, ಅಂತಿದ್ರು. ರೀತಿ ಕೈ ಕೊಟ್ಟಿಲ್ರಿ. ನಾ ತಡಾ ಆದೆ. ತಪ್ಪು ನನ್ನದು ಅಂತ ಎಲ್ಲಾರ ಕಣ್ಣಿಗೂ ಕಾಣಬೇಕು. ನಾ ಎದ್ದು ಬಂದ್ರ ಕಾಣ್ತದ. ಅದಕ್ಕ ಬಂದೆ."

ಈಗ ಅವನು ಮತ್ತೆ ಕಲ್ಲಿನ ಅಂಗಳದಲ್ಲಿದ್ದಾನೆ, ಹಮಾಲರ ಮೇಸ್ತ್ರಿಯಾಗಿ. ಆಟದ ಸುದ್ದಿ ಎತ್ತಿದರೆ ಆಡುತ್ತಾನೆ, ಎತ್ತದಿದ್ದರೆ ಇಲ್ಲ. ಕಳೆದ ಚಳಿಗಾಲ ಮೊಬೈಲಿನಲ್ಲಿ ಬುರುಜ್ ತಂಡದ ಪಂದ್ಯ ನೋಡುತ್ತಿದ್ದೆ. ಹೆಸರು ತಿಳಿಯದ ಹೊಸ ತಡೆಗಾರನೊಬ್ಬ ಓಟಗಾರನನ್ನು ಹಿಡಿದು, ಸೊಂಟದ ಸುತ್ತ ಹೊರಳಿಸಿ, ಹುಲ್ಲಿನ ಮೇಲೆ ಇಳಿಸಿದ. ಇನ್ನೊಬ್ಬನೂ ಹಾಗೇ ಮಾಡಿದ. ವಿವರಣೆಗಾರ ನಗಲಿಲ್ಲ. ಅದು ಆ ತಂಡದ ಪದ್ಧತಿ ಎಂದಷ್ಟೇ ಹೇಳಿ ಮುಂದಕ್ಕೆ ಹೋದ.

ಕುಣಿಯಲಾರದವರಿಗೆಲ್ಲ ನೆಲ ಡೊಂಕಾಗಿ ಕಾಣುವ ಲೋಕ ಇದು. ಗೆಲ್ಲುವುದಕ್ಕಾಗಿ ತಮ್ಮ ರೀತಿಯನ್ನು ಬಿಟ್ಟುಕೊಟ್ಟವರನ್ನು ನಾನು ಎಷ್ಟೋ ಕಂಡಿದ್ದೇನೆ, ಸೋತಾಗ ಆ ರೀತಿಯ ತಲೆಗೇ ತಪ್ಪು ಕಟ್ಟಿ ತಾವು ಪಾರಾದವರನ್ನೂ ಕಂಡಿದ್ದೇನೆ, ಆ ಎರಡೂ ಸಾಲಿನಲ್ಲಿ ಒಮ್ಮೊಮ್ಮೆ ನಾನೂ ನಿಂತಿದ್ದೇನೆ. ಮೂರನೆಯ ಬಗೆಯವರು ಎಲ್ಲೋ ಒಬ್ಬರು. ಅವರು ತಮ್ಮ ರೀತಿಗಾಗಿ ಲೋಕದೊಡನೆ ಸೆಣಸುತ್ತಾರೆ, ಗೆದ್ದಾಗ ಅದಕ್ಕೆ ತಮ್ಮ ಹೆಸರಿಡುವುದಿಲ್ಲ, ತಪ್ಪಿದಾಗ ಅದರ ಮೇಲೆ ಮಣ್ಣು ಬೀಳದಂತೆ ತಾವೇ ಎದ್ದು ಹೊರಗೆ ನಡೆಯುತ್ತಾರೆ. ಅಂಥವರನ್ನು ನಾವ್ಯಾರೂ ತಂಡದಿಂದ ತೆಗೆದುಹಾಕಲಾರೆವು. ಅವರು ನಮ್ಮ ಕೈಗೆ ಆ ಅಧಿಕಾರವನ್ನು ಯಾವತ್ತೂ ಕೊಟ್ಟಿರುವುದಿಲ್ಲ.